ಕಾರಿನ ಕಟಕಟವೂ ಅತ್ತೆಯವರ ಅಂಗೈಯೂ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲೆ ಒಂದು ಕರೀ ವಸ್ತು ಇದೆ. ಫ್ಯಾನಿನ ಗಾಳಿಗೆ ಉತ್ತರಪತ್ರಿಕೆಗಳು ಹಾರದಿರಲೆಂದು ಅವುಗಳ ಮೇಲೆ ಇಡುತ್ತೇನೆ. ಅಂಗೈಯಗಲದ ಕಬ್ಬಿಣದ ಬಿಲ್ಲೆ, ಅದಕ್ಕೆ ಅಂಟಿಕೊಂಡ ಬಿರುಕು ಬಿಟ್ಟ ರಬ್ಬರು, ನಟ್ಟನಡುವೆ ಒಂದು ತೂತು. ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಡಂ, ಇದು ಹಳೇ ಕಾಲದ ತೂಕದ ಬಟ್ಟಾ?" ಎಂದು ಕೇಳಿದರು. ಅಲ್ಲ ಎಂದೆ. ಹಾಗಾದರೆ ಚಕ್ಕುಲಿ ಒರಳಿನ ಬಿಲ್ಲೆಯೇ ಇರಬೇಕು ಎಂದು ಅವರೇ ತೀರ್ಮಾನಿಸಿ ಗಂಟೆ ಹೊಡೆಯಿತೆಂದು ತರಗತಿಗೆ ಹೋದರು. ವಿಜ್ಞಾನದವರೇ ಹೀಗಾದರೆ ಗಣಿತದವಳಾದ ನನ್ನನ್ನು ಯಾರು ಕೇಳಬೇಕು!

ಅದು ನನ್ನ ಕಾರಿನದು. ಮುಂದಿನ ಒಂದೊಂದು ಗಾಲಿಗೂ ಸ್ಪ್ರಿಂಗು ಸುತ್ತಿದ ಒಂದು ಕಂಬ ಇರುತ್ತದೆ. ಆ ಕಂಬದ ತಲೆ ಕಾರಿನ ಮೈಗೆ ತಾಗುವ ಜಾಗದಲ್ಲಿ ಈ ಬಿಲ್ಲೆ ಕೂತಿರುತ್ತದೆ. ಗ್ಯಾರೇಜಿನವರು ಸ್ಟ್ರಟ್ ಮೌಂಟ್ ಎನ್ನುತ್ತಾರೆ. ತಲೆಯ ಮೇಲೆ ಕೊಡ ಹೊರುವವರು ಬಟ್ಟೆ ಸುತ್ತಿ ಸಿಂಬಿ ಇಟ್ಟುಕೊಳ್ಳುತ್ತಾರಲ್ಲ, ಇದು ಕಾರಿನ ಸಿಂಬಿ ಅಂದುಕೊಳ್ಳಿ. ಸಿಂಬಿ ಹರಿದರೆ ಕೊಡಕ್ಕೇನೂ ಆಗುವುದಿಲ್ಲ, ನೋಯುವುದು ತಲೆ. ನನ್ನ ತಲೆ ಮೂರು ತಿಂಗಳು ನೋಯಿತು.

ಕಾರು ಎಂದರೆ ಯಾವ ಕಾರು ಎಂದು ಕೇಳುತ್ತೀರಿ. ಒಂದು ಕಾಲದಲ್ಲಿ ಊರಿಗೊಂದಾದರೂ ಇದ್ದ, ಬೆಂಕಿಪೊಟ್ಟಣದಂಥ, ಮೂರೇ ಸಿಲಿಂಡರಿನ ಬಿಳೀ ಕಾರು. ನಮ್ಮ ಮಾವನವರು ಕೊಂಡದ್ದು. ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಅತ್ತೆ ಲಕ್ಷ್ಮಮ್ಮನವರು ಸೀರೆ ನೇಯುತ್ತಿದ್ದರು, ಮಾವನವರು ಆ ಸೀರೆಗಳನ್ನು ಗಂಟು ಕಟ್ಟಿ ಈ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಂಗಳೂರಿನ ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಮಾವ ಹೋದ ಮೇಲೆ ಕಾರು ಆರು ತಿಂಗಳು ಅಂಗಳದಲ್ಲೇ ನಿಂತಿತ್ತು. ನಮ್ಮ ಯಜಮಾನರು ಸ್ಕೂಟರಿನವರು. "ನಾಲ್ಕು ಚಕ್ರ ಒಟ್ಟಿಗೆ ನೋಡ್ಕೊಳ್ಳೋಕೆ ನನ್ ಕೈಲಾಗಲ್ಲ ಕಣೆ" ಎಂದು ಕೈಯೆತ್ತಿಬಿಟ್ಟರು. ಮೂವತ್ತೈದನೆಯ ವಯಸ್ಸಿಗೆ ನಾನು ಕಲಿತೆ. ಕಲಿಯುವಾಗ ನಮ್ಮ ಮನೆಯ ಗೇಟಿಗೆ ಒಂದು ಸಲ, ಎದುರು ಮನೆಯ ನುಗ್ಗೇಮರಕ್ಕೆ ಎರಡು ಸಲ ಗುದ್ದಿದೆ. ಎರಡನೆಯ ಸಲ ಮರದಿಂದ ಉದುರಿದ ನುಗ್ಗೇಕಾಯಿಗಳನ್ನು ಎದುರು ಮನೆಯವರು ನಮಗೇ ತಂದುಕೊಟ್ಟರು. ಅದು ಸೌಜನ್ಯವೋ ಅಣಕವೋ ಇಂದಿಗೂ ಗೊತ್ತಿಲ್ಲ. ಸಾರು ಮಾತ್ರ ಚೆನ್ನಾಗಿತ್ತು.

ಅಂದಿನಿಂದ ನಾನು ದಿನಾ ತೂಬಗೆರೆಯ ಹೈಸ್ಕೂಲಿಗೆ ಅದರಲ್ಲೇ ಹೋಗಿ ಬರುತ್ತೇನೆ. ದಾರಿಯ ಪ್ರತಿ ಹಂಪೂ ಪ್ರತಿ ಗುಂಡಿಯೂ ನನಗೆ ಪಾಠವಾಗಿದೆ. ಹೀಗಿರುವಾಗ ಹೋದ ಮಳೆಗಾಲ ಮುಗಿಯುತ್ತಿದ್ದಂತೆ ಒಂದು ಹಂಪಿನ ಮೇಲೆ ಕಾರು ಮುಂದುಗಡೆಯಿಂದ 'ಕಟ್' ಎಂದಿತು. ಮರುದಿನ 'ಕಟಕಟ' ಎಂದಿತು. ವಾರ ಕಳೆಯುವಷ್ಟರಲ್ಲಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೂ 'ಗುಂಯ್ಞ್' ಎಂದು ನರಳಿ ಕೊನೆಗೊಂದು 'ಟಣ್' ಎನ್ನತೊಡಗಿತು.

ಸದ್ದು ಎಂದಾಗ ಒಂದು ನೆನಪು. ನನ್ನ ತವರು ಇಲ್ಲೇ ದೊಡ್ಡಬಳ್ಳಾಪುರದ ಪಕ್ಕದ ಮಧುರೆಯ ಕಡೆ. ನಾನು ಚಿಕ್ಕವಳಿದ್ದಾಗ ಎತ್ತಿನ ಗಾಡಿಗಳಿಗೆಲ್ಲ ಒಂದೊಂದು ದನಿ ಇತ್ತು. ಗಾಡಿ ಕೆರೆ ಏರಿಯ ಮೇಲಿರುವಾಗಲೇ ಅಜ್ಜಿ ಇದು ಯಾರ ಗಾಡಿ ಎಂದು ಹೇಳಿಬಿಡುತ್ತಿದ್ದಳು. ನಮ್ಮ ತಾತನ ಗಾಡಿಯ ಅಚ್ಚು ಎಲ್ಲಕ್ಕಿಂತ ಜೋರಾಗಿ ಕಿರುಗುಟ್ಟುತ್ತಿತ್ತು. "ಕೀಲೆಣ್ಣೆ ಬಿಡಬಾರ್ದಾ ತಾತ?" ಎಂದು ಕೇಳಿದರೆ, "ಬಿಟ್ರೆ ನಿಮ್ಮಜ್ಜಿಗೆ ನಾನು ಬರೋದು ಗೊತ್ತಾಗಲ್ಲ ಕಣವ್ವ, ಮುದ್ದೆ ತಣ್ಣಗಾಗ್ತದೆ" ಎನ್ನುತ್ತಿದ್ದ. ಅವನ ಗಾಡಿ ಏರಿ ಇಳಿಯುವ ಹೊತ್ತಿಗೆ ಸರಿಯಾಗಿ ಅಜ್ಜಿ ಎಸರಿಗೆ ಹಿಟ್ಟು ಹಾಕುತ್ತಿದ್ದಳು. ಹೀಗಾಗಿ ಗಾಡಿ ಸದ್ದು ಮಾಡಿದರೆ ಅದರಲ್ಲೇನೋ ಒಳ್ಳೆಯ ಉದ್ದೇಶ ಇರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬಾಲ್ಯದಿಂದ ಬೇರೂರಿತ್ತು. ಆ ನಂಬಿಕೆಯ ಮೇಲೆ ಒಂದು ತಿಂಗಳು ಸುಮ್ಮನಿದ್ದೆ.

ಆಮೇಲೆ ಬಾಷಾನ ಹತ್ತಿರ ಹೋದೆ. ಬಾಷಾ ನಮ್ಮ ರಸ್ತೆಯ ಕೊನೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ, ಎರಡು ಮಕ್ಕಳ ತಂದೆ. ನನ್ನ ಹಳೆಯ ವಿದ್ಯಾರ್ಥಿ. ಗಣಿತದಲ್ಲಿ ಮೂರು ಸಲ ಕೂತು ನಾಲ್ಕನೆಯ ಸಲ ದಡ ಸೇರಿದವನು. ಅಂದು ನನ್ನ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದವನ ಮುಂದೆ ಈಗ ನಾನು ತಲೆ ತಗ್ಗಿಸಿ ನಿಂತು, "ಏನಾಗಿದೆಯಪ್ಪಾ?" ಎಂದು ಕೇಳುತ್ತೇನೆ. ಕಾಲಚಕ್ರ ಎಂದರೆ ಇದೇ ಇರಬೇಕು.

ಬಾಷಾ ಕಾರಿನ ಕೆಳಗೆ ಮಲಗಿ ಮೊದಲು ಬುಶ್ ಎಂಬ ಒಂದು ರಬ್ಬರು ಬಳೆ ಬದಲಾಯಿಸಿದ. ಸದ್ದು ಹೋಗಲಿಲ್ಲ. ಇನ್ನೊಮ್ಮೆ ಸ್ಟೇರಿಂಗಿನ ಕಡ್ಡಿಯ ತುದಿ ಬದಲಾಯಿಸಿದ. ಹೋಗಲಿಲ್ಲ. ಮೂರನೆಯ ಸಲ ಗಾಲಿಯ ಬಳಿಯ ಮತ್ತೇನನ್ನೋ ಬಿಚ್ಚಿ ಹೊಸದು ಹಾಕಿ, ತಾನೇ ಓಡಿಸಿ ಬಂದು, ತಲೆ ಕೆರೆದುಕೊಂಡ. "ಮಿಸ್, ಈ ಸಲಾನೂ ಫೇಲು" ಎಂದ. ಪಾಪ, ಅವನ ಮುಖ ಹತ್ತನೇ ತರಗತಿಯಲ್ಲಿದ್ದಾಗಿನ ಹಾಗೇ ಆಗಿತ್ತು.

ನಿಜ ಹೇಳುತ್ತೇನೆ, ಅಷ್ಟು ಹೊತ್ತಿಗೆ ನನಗೆ ಹೆದರಿಕೆ ಹತ್ತಿತ್ತು. ಹದಿನೇಳು ವರ್ಷ ಕಣ್ಣುಮುಚ್ಚಿ ನಂಬಿದ ಕಾರು. ತಿರುವಿನಲ್ಲಿ ಸ್ಟೇರಿಂಗ್ ಹಿಡಿದು ನಿಂತಂತಾಗಿ ಆಮೇಲೆ ಒಮ್ಮೆಲೇ ಬಿಟ್ಟುಕೊಳ್ಳುತ್ತಿತ್ತು. ಲಾರಿ ಎದುರಾದರೆ ರಸ್ತೆಯ ಅಂಚಿಗೆ ಇಳಿಸಿ ನಿಲ್ಲಿಸಿಬಿಡುತ್ತಿದ್ದೆ. ಎರಡು ದಿನ ನೆಪ ಹೇಳಿ ಬಸ್ಸಿನಲ್ಲಿ ಶಾಲೆಗೆ ಹೋದೆ. ಯಜಮಾನರು ಗಮನಿಸಿದರು. ಒಂದು ಸಂಜೆ ಮೆಲ್ಲಗೆ, "ದೇವನಹಳ್ಳಿ ಕಡೆ ಒಬ್ರು ಹಳೇ ಕಾರು ಹುಡುಕ್ತಿದಾರಂತೆ. ಭಾನುವಾರ ಬಂದು ನೋಡ್ಲಾ ಅಂದ್ರು. ಬರ್ಲಿ ಅಂದೆ" ಎಂದರು.

ಆ ಮನುಷ್ಯರು ಅಂದೇ ರಾತ್ರಿ ನನಗೂ ಫೋನು ಮಾಡಿದರು. ರೆಸಾರ್ಟಿನಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಯುವ ವ್ಯವಹಾರ ಅವರದು. ನಾನು ಪ್ರಾಮಾಣಿಕಳಾಗಿ ಸದ್ದಿನ ವಿಷಯ ಹೇಳಿದೆ. ಅವರು ನಕ್ಕು, "ಅಯ್ಯೋ, ಓಡ್ಬೇಕಾಗಿಲ್ಲ ಮೇಡಂ, ನಿಂತ್ರೆ ಸಾಕು. ಬಾನೆಟ್ಟಲ್ಲಿ ಹೂವಿನ ಗಿಡ ಇಡ್ತೀವಿ" ಎಂದರು. ಫೋನು ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಆದರೂ ಬರಬೇಡಿ ಎನ್ನಲಿಲ್ಲ. ಹೆದರಿಕೆ ಅಷ್ಟಿತ್ತು.

ಇಲ್ಲಿ ನಮ್ಮ ಅತ್ತೆಯವರ ವಿಷಯ ಹೇಳಬೇಕು. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಅವರ ಕಿವಿ ಹೋಗಿತ್ತು. ಯಜಮಾನರು ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ ಎರಡು ದಿನ ಹಾಕಿಕೊಂಡು, "ಇದ್ರಲ್ಲಿ ಬರೀ ಕಾಗೆ ಕೂಗ್ತದೆ" ಎಂದು ತೆಗೆದು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟರು. ಎರಡು ವರ್ಷದ ಹಿಂದೆ ಮನೆಯ ಮಗ್ಗಗಳನ್ನು ಗುಜರಿಯವರಿಗೆ ಕೊಟ್ಟೆವು. ಅವರು ಬಿಚ್ಚಿ ಬಿಚ್ಚಿ ಲಗೇಜ್ ಆಟೊಗೆ ತುಂಬುತ್ತಿದ್ದಾಗ ಅತ್ತೆ ಬೆನ್ನು ತಿರುಗಿಸಿ ಕೂತು ಅವರೆಕಾಯಿ ಸುಲಿದರು. ಅಂದಿನಿಂದ ಅವರ ಮಾತು ಕಡಿಮೆಯಾಯಿತು. ಕೇಳಿಸದವರ ಜೊತೆ ಕಿರುಚಿ ಮಾತಾಡುವುದು ನಮಗೂ ಬೇಸರ. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ಕೈಸನ್ನೆಯಲ್ಲೇ ಮುಗಿಸುತ್ತಿದ್ದೆವು. ಅವರ ಬಳಿ ನಾನು ಏನನ್ನಾದರೂ ಕೇಳಿ ಎಷ್ಟು ದಿನವಾಗಿತ್ತು ಎಂದು ಯೋಚಿಸಿದರೆ ಈಗ ನಾಚಿಕೆಯಾಗುತ್ತದೆ.

ಗುರುವಾರ ಸಂಜೆ ಬಾಷಾ ತಾನಾಗಿಯೇ ಬಂದ. "ಕೊನೇ ಚಾನ್ಸು ಕೊಡಿ ಮಿಸ್, ದುಡ್ಡು ಬೇಡ, ನಿದ್ದೆ ಬರ್ತಿಲ್ಲ" ಎಂದು ಅಂಗಳದಲ್ಲೇ ಕಾರಿನ ಕೆಳಗೆ ತೂರಿದ. ನಾನು ಒಳಗೆ ಕೂತು ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಗುಂಯ್ಞ್, ಟಣ್. ಗುಂಯ್ಞ್, ಟಣ್. ಅತ್ತೆ ಜಗಲಿಯಲ್ಲಿ ಸುಲಿದ ಅವರೆ ಸಿಪ್ಪೆಯನ್ನು ಮೊರದಲ್ಲಿ ತುಂಬಿಕೊಂಡು ಗೊಬ್ಬರದ ಗುಂಡಿಗೆ ಹಾಕಲು ಹೊರಟರು. ನಮ್ಮ ಅಂಗಳ ಇಕ್ಕಟ್ಟು. ಕಾರಿಗೂ ಗೋಡೆಗೂ ನಡುವೆ ನುಸುಳುವಾಗ ಆಸರೆಗೆಂದು ಬಾನೆಟ್ಟಿನ ಪಕ್ಕ ಕೈಯಿಟ್ಟರು. ಅದೇ ಹೊತ್ತಿಗೆ ನಾನು ತಿರುಗಿಸಿದೆ.

ಅತ್ತೆ ನಿಂತುಬಿಟ್ಟರು. ಮೊರ ಕೆಳಗಿಟ್ಟರು.

"ಇನ್ನೊಂದ್ಸತಿ ತಿರುಗ್ಸು" ಎಂದರು. ಕಿವಿ ಕೇಳದವರ ದನಿ ದೊಡ್ಡದು. ಕಾರಿನ ಕೆಳಗೆ ಬಾಷಾ ಬೆಚ್ಚಿ ತಲೆ ತಗುಲಿಸಿಕೊಂಡ.

ತಿರುಗಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. "ಈ ಮುಚ್ಚಳ ತೆಗಿ" ಎಂದರು. ಬಾಷಾ ಎದ್ದು ಬಂದು ಬಾನೆಟ್ ತೆಗೆದ. ಒಳಗೆ ಎರಡು ಕಡೆಯೂ ಮಡಕೆಯ ಬೆನ್ನಿನಂತೆ ಉಬ್ಬಿದ ಜಾಗಗಳಿವೆ, ಕಂಬದ ತಲೆ ಕೂರುವ ಕಡೆ. ಅತ್ತೆ ಎಡಗಡೆಯದರ ಮೇಲೆ ಅಂಗೈ ಊರಿದರು. ತಿರುಗಿಸು ಎಂದು ತಲೆಯಾಡಿಸಿದರು. ಆಮೇಲೆ ಬಲಗಡೆಗೆ ಹೋಗಿ ಅಲ್ಲಿಯೂ ಕೈಯಿಟ್ಟರು. ಮತ್ತೆ ಎಡಕ್ಕೆ ಬಂದರು.

"ಇಲ್ಲಿ ಹಿಡ್ಕತದೆ. ಆಮೇಲೆ ಎಗರ್ತದೆ. ಎಡಗಡೇದು ಪೂರಾ ಹೋಗೈತೆ. ಬಲಗಡೇದು ಹೋಗಾಕೆ ಕಾಯ್ತಾ ಐತೆ."

ಬಾಷಾ ನನ್ನ ಮುಖ ನೋಡಿದ. ಆಮೇಲೆ ತಾನೂ ಅಲ್ಲಿ ಕೈಯಿಟ್ಟ. ನಾನು ತಿರುಗಿಸಿದೆ. "ಅರೆ! ಮೌಂಟು ಮಿಸ್! ಸ್ಪ್ರಿಂಗು ತಿರುಗಕ್ಕಾಗ್ದೆ ತಿರುಚ್ಕೊಂಡು ಜಾರ್ತಿದೆ! ನಾನು ಕೆಳಗೆ ಹುಡುಕ್ತಿದ್ದೆ, ರೋಗ ಮೇಲಿತ್ತು" ಎಂದು ಹಣೆ ಚಚ್ಚಿಕೊಂಡ. ಅವನ ಕೈಯ ಗ್ರೀಸು ಹಣೆಗೆ ವಿಭೂತಿಯಂತೆ ಹತ್ತಿತು.

ನಾನು ಅತ್ತೆಯ ಕಿವಿಯ ಬಳಿ ಬಾಯಿಟ್ಟು, "ನಿಮಗೆ ಹೆಂಗೆ ಗೊತ್ತಾಯ್ತು?" ಎಂದು ಕೂಗಿದೆ.

"ಹನ್ನೆರಡು ಮಗ್ಗ ಬಡ್ಕಳೋ ಕಡೆ ಕಿವಿ ನಂಬ್ಕಂಡ್ರೆ ಆಗ್ತದಾ? ಯಾವ ಮಗ್ಗಕ್ಕೆ ಏನಾಗೈತೆ ಅಂತ ಕೈಯಿಕ್ಕಿ ನೋಡ್ಬೇಕು. ಲಾಳಿ ಓಡೋದು, ಎಳೆ ಬಿಗಿಯಾಗೋದು ಎಲ್ಲ ಮರಕ್ಕೆ ಬತ್ತದೆ. ಇದಕ್ಕೂ ಅಂಗೇ ಬಂತು" ಎಂದು ಮೊರ ಎತ್ತಿಕೊಂಡು ಗುಂಡಿಯ ಕಡೆ ಹೋದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಎರಡೂ ತಂದ್ಬಿಡು. ಒಂದ್ ಕಣ್ಣಿಗೆ ಕನ್ನಡಕ ಹಾಕ್ತಾರಾ?" ಎಂದರು. ಎರಡು ವರ್ಷದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಕೇಳಿರಲಿಲ್ಲ.

ಶುಕ್ರವಾರ ರಜೆ ಹಾಕಿ ಬಸ್ಸು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಬಿಡಿಭಾಗದ ಮೊದಲ ಅಂಗಡಿಯವರು ಹೊಸ ಮಾದರಿಯದನ್ನು ಕೊಡಲು ಬಂದರು. ನಾನು ಯಾವುದಕ್ಕೂ ಇರಲಿ ಎಂದು ಬಾಷಾನಿಂದ ತೂತುಗಳ ಅಂತರ ಅಳೆಸಿ ಬರೆದುಕೊಂಡು ಹೋಗಿದ್ದೆ, ಹೊಂದಲಿಲ್ಲ. ಐದನೆಯ ಅಂಗಡಿಯಲ್ಲಿದ್ದವನು, "ಇಷ್ಟು ಹಳೇದಾ ಮೇಡಂ? ನಮ್ಮಪ್ಪನ್ನೇ ಕೇಳ್ಬೇಕು" ಎಂದು ಒಳಗೆ ಕೂಗಿದ. ಅಪ್ಪ ಬಂದವರು ಮಾತಾಡದೆ ಏಣಿ ಹತ್ತಿ ಅಟ್ಟದಿಂದ ದೂಳು ಹಿಡಿದ ಎರಡು ಪೆಟ್ಟಿಗೆ ಇಳಿಸಿ, ಸೆರಗಿಗೆ ಮಡಿಲಕ್ಕಿ ಹಾಕುವವರಂತೆ ನನ್ನ ಚೀಲಕ್ಕೆ ಹಾಕಿದರು. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಾಕೆ, "ಸ್ವೀಟಾ ಅಕ್ಕ?" ಎಂದು ಕೇಳಿದಳು. ಹೂಂ ಎಂದೆ.

ಶನಿವಾರ ಮಧ್ಯಾಹ್ನ ಕೆಲಸ ಶುರುವಾಯಿತು. ಬಾಷಾ ಜಾಕು ಕೊಟ್ಟು ಕಾರು ಎತ್ತಿ, ಕೆಳಗೆ ಭದ್ರವಾದ ಸ್ಟ್ಯಾಂಡು ಕೊಟ್ಟು, ಗಾಲಿ ಕಳಚಿದ. ಕಂಬದ ಕೆಳಗಿನ ಬೋಲ್ಟುಗಳನ್ನು ಬಿಚ್ಚಿ, "ಮಿಸ್, ಕೆಳಗೆ ಹಿಡ್ಕೊಳ್ಳಿ, ಮೇಲಿಂದ ನಟ್ಟು ಬಿಚ್ತೀನಿ, ಬಿದ್ಬಿಡುತ್ತೆ" ಎಂದ. ನಾನು ಮಗುವನ್ನು ಹಿಡಿಯುವಂತೆ ಎರಡೂ ಕೈ ಕೊಟ್ಟೆ. ಮಗು ತೂಕವಾಗಿತ್ತು, ಮೈಯೆಲ್ಲ ಕೆಸರು ಮಾಡಿಕೊಂಡಿತ್ತು.

ಮುಂದಿನದು ಅಪಾಯದ ಕೆಲಸ. ಬಿಲ್ಲೆ ತೆಗೆಯಬೇಕಾದರೆ ಕಂಬಕ್ಕೆ ಸುತ್ತಿದ ಸ್ಪ್ರಿಂಗನ್ನು ಮೊದಲು ಅದುಮಿ ಹಿಡಿಯಬೇಕು. ಅದಕ್ಕೆ ಎರಡು ಬದಿಗೂ ಒಂದೊಂದು ಉದ್ದ ಸ್ಕ್ರೂವಿನ ಹಿಡಿ ಹಾಕಿ ಬಿಗಿಮಾಡುತ್ತಾರೆ. "ಎಲ್ರೂ ದೂರ ನಿಂತ್ಕೊಳ್ಳಿ. ಇದೇನಾದ್ರೂ ಜಾರಿದ್ರೆ ಮನೆ ಹೆಂಚು ಹಾರ್ಸುತ್ತೆ" ಎಂದ ಬಾಷಾ. ಯಜಮಾನರು ಅಡುಗೆಮನೆಯ ಕಿಟಕಿಯವರೆಗೂ ದೂರ ಹೋದರು. ಬಾಷಾ ಎಡಕ್ಕೆ ಐದು ಸುತ್ತು, ಬಲಕ್ಕೆ ಐದು ಸುತ್ತು ಎಂದು ಬಾಯಲ್ಲಿ ಎಣಿಸುತ್ತ ಬಿಗಿಮಾಡಿದ. "ಎರಡೂ ಕಡೆ ಸಮ ಇರ್ಬೇಕು ಅಂತ ನೀವು ಬೋರ್ಡ್ ಮೇಲೆ ಬರೀತಿದ್ರಲ್ಲ ಮಿಸ್, ಅದು ಇದಕ್ಕೇ ಅಂತ ಆವತ್ತೇ ಹೇಳಿದ್ರೆ ಒಂದೇ ಸಲಕ್ಕೆ ಪಾಸಾಗ್ತಿದ್ದೆ" ಎಂದ. ಇಷ್ಟು ವರ್ಷ ಸಮೀಕರಣ ಕಲಿಸಿದವಳಿಗೆ ಇಂಥ ಒಂದು ಉದಾಹರಣೆ ಹೊಳೆದಿರಲಿಲ್ಲ.

ಹಳೆಯ ಬಿಲ್ಲೆ ಕೈಗೆ ಬಂದಾಗ ರಬ್ಬರು ಕಬ್ಬಿಣದಿಂದ ಮುಕ್ಕಾಲುಪಾಲು ಬಿಟ್ಟುಕೊಂಡಿತ್ತು. ಹೊಸದು ಕೂತಿತು. ಎರಡೂ ಕಡೆ ಮುಗಿಸಿ, ಗಾಲಿ ಹಾಕಿ, ಕಾರನ್ನು ನೆಲಕ್ಕೆ ಇಳಿಸುವ ಹೊತ್ತಿಗೆ ಸೂರ್ಯ ಎದುರು ಮನೆಯ ನುಗ್ಗೇಮರದ ಹಿಂದೆ ಇಳಿದಿದ್ದ. ನಾನು ಕೂತು ಸ್ಟೇರಿಂಗ್ ತಿರುಗಿಸಿದೆ.

ಟಣ್.

ಬಾಷಾ ಪಾನಾ ಕೆಳಗಿಟ್ಟು ಕುಕ್ಕರಗಾಲಲ್ಲಿ ಕೂತುಬಿಟ್ಟ. ಯಜಮಾನರು ಕಿಟಕಿಯಿಂದ, "ಹೋಗ್ಲಿ ಬಿಡು, ನಾಳೆ ಹೆಂಗೂ ಅವರು ಬರ್ತಾರೆ" ಎಂದರು. ಐವತ್ತೆರಡು ವರ್ಷದ ಹೆಂಗಸು ಒಂದು ಕಾರಿಗಾಗಿ ಅಂಗಳದಲ್ಲಿ ಅಳಬಾರದೆಂದು ಹಲ್ಲು ಕಚ್ಚಿ ಕೂತೆ.

ಅತ್ತೆಗೆ ಸದ್ದು ಕೇಳಿಸಿರಲಿಲ್ಲ, ನಮ್ಮ ಮುಖಗಳು ಕಂಡಿದ್ದವು. ಬಂದು ಎಡಗಡೆ ಕೈಯಿಟ್ಟರು. "ಇದು ಸರಿಯಾಗೈತೆ." ಬಲಗಡೆ ಇಟ್ಟರು. ಎರಡು ಸಲ ತಿರುಗಿಸಲು ಹೇಳಿದರು. "ಇದು ಹಳೇ ನೋವಲ್ಲ ಕಣಪ್ಪಾ. ಏನೋ ಸರಿಯಾಗಿ ಕೂತಿಲ್ಲ. ಕುಂಡೆ ಊರದೆ ಕುಂತ ನೆಂಟರಂಗೆ ಆಡ್ತೈತೆ."

ಬಾಷಾ ಟಾರ್ಚು ಹಿಡಿದು ಇಣುಕಿದ. ಸ್ಪ್ರಿಂಗಿನ ತುದಿ ತನ್ನ ಗುಣಿಯಲ್ಲಿ ಕೂರದೆ ಬೆರಳಗಲ ಆಚೆ ನಿಂತಿತ್ತು. ಮತ್ತೆ ಬಿಚ್ಚಿದ, ಮತ್ತೆ ಎಡಕ್ಕೆ ಐದು, ಬಲಕ್ಕೆ ಐದು. ಈ ಸಲ ಸ್ಪ್ರಿಂಗಿನ ತುದಿ ಗುಣಿಯಲ್ಲಿ ಕೂತಿತೇ ಎಂದು ಅತ್ತೆಯೇ ಬೆರಳಿಟ್ಟು ನೋಡಿ ತಲೆಯಾಡಿಸಿದರು. ದೀಪ ಹಚ್ಚುವ ಹೊತ್ತಿಗೆ ಕಾರು ಮತ್ತೆ ನೆಲ ಮುಟ್ಟಿತು. ನಾನು ತಿರುಗಿಸಿದೆ. ಟಯರು ನೆಲಕ್ಕೆ ಉಜ್ಜಿದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಾಷಾ ಅಂಗಳದಲ್ಲೇ ಅತ್ತೆಯ ಕಾಲಿಗೆ ಬಿದ್ದ. ಅವರು, "ಏಳು ಏಳು, ಸೀರೆಗೆ ಎಣ್ಣೆ ಮಾಡ್ತೀಯ" ಎಂದು ಗದರಿಸಿದರು.

ಭಾನುವಾರ ಬೆಳಗ್ಗೆ ಅತ್ತೆ, ಯಜಮಾನರು, ನಾನು ಮೂವರೂ ಮಾಕಳಿದುರ್ಗದ ಕಡೆ ಹೊರಟೆವು. ಬೆಟ್ಟ ಹತ್ತುವ ಬೆಂಗಳೂರಿನ ಹುಡುಗರು ಬೈಕು ನಿಲ್ಲಿಸಿ ಇಡ್ಲಿ ತಿನ್ನುತ್ತಿದ್ದರು. ರೈಲು ಹಳಿಯ ಪಕ್ಕದ ಆ ರಸ್ತೆಯ ಗುಂಡಿಗಳನ್ನು ನಾನು ಬೇಕೆಂದೇ ಹುಡುಕಿ ಹುಡುಕಿ ಇಳಿಸಿದೆ. ತಿರುವು ಮುಗಿದ ಕೂಡಲೇ ಸ್ಟೇರಿಂಗ್ ತಾನಾಗಿಯೇ ನನ್ನ ಕೈಯೊಳಗೆ ನೇರವಾಗುತ್ತಿತ್ತು. ಹಿಂದೆ ಕೂತ ಅತ್ತೆ ಬಾಗಿಲಿನ ಮೇಲೆ ಅಂಗೈಯಿಟ್ಟುಕೊಂಡು ಹೊರಗೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ ಹೇಳಿದರು:

"ಅವ್ರು ಬೆಂಗ್ಳೂರಿಂದ ಬಂದು ಈ ಬಾಗ್ಲು ಹಾಕ್ತಿದ್ರಲ್ಲ, ಆಗ ಮಗ್ಗದ ಮನೆ ಗೋಡೆ ಅದುರ್ತಿತ್ತು. ಜೋರಾಗಿ ಅದುರಿದ್ರೆ ಸೀರೆ ವಾಪಸ್ ಬಂದವೆ ಅಂತ. ಮೆತ್ತಗೆ ಅದುರಿದ್ರೆ ಎಲ್ಲ ಹೋಗವೆ ಅಂತ. ಒಂದಿನ ಅದುರ್ಲೇ ಇಲ್ಲ. ಹೊರಗ್ ಬಂದು ನೋಡಿದ್ರೆ, ನಂಗೇ ಅಂತ ಒಂದು ಸೀರೆ ಮಡಿಕ್ಕಂಡು ಬಾಗ್ಲು ತೆಗೆದೇ ನಿಂತವ್ರೆ. ನಾನೇ ನೇಯ್ದಿದ್ ಸೀರೆ!"

ಯಜಮಾನರು ಮುಂದಿನ ಸೀಟಿನಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಈ ವಿಷಯ ಗೊತ್ತಿರಲಿಲ್ಲವಂತೆ.

ಹನ್ನೊಂದು ಗಂಟೆಗೆ ಫೋಟೊದವರು ಬಂದರು. ಕಾರನ್ನು ಸುತ್ತು ಹಾಕಿ, ಹೂಕುಂಡ ಹಿಡಿಸುತ್ತದೆಯೇ ಎಂದು ಬಾನೆಟ್ಟನ್ನು ಕಣ್ಣಲ್ಲೇ ಅಳೆದರು. ನಾನು ಬಾಯಿ ತೆಗೆಯುವ ಮೊದಲೇ ಯಜಮಾನರು, "ಕ್ಷಮಿಸಿ ಸಾರ್, ಕೊಡಲ್ಲ. ನಮ್ಮಮ್ಮಂಗೆ ಬೇಕು" ಎಂದರು.

"ಅಜ್ಜಿ ಓಡಿಸ್ತಾರಾ?" ಎಂದು ಅವರು ಬೆರಗಾದರು.

"ಇಲ್ಲ. ರಿಪೇರಿ ಮಾಡ್ತಾರೆ."

ಇದಾದ ಹದಿನೈದು ದಿನಕ್ಕೆ ಬಾಷಾ ಗೇಟಿನ ಬಳಿ ಒಂದು ದೊಡ್ಡ ಹೊಸ ಕಾರು ತಂದು ನಿಲ್ಲಿಸಿದ. ಅದರ ಮಾಲೀಕರು ಹೊಸಕೋಟೆಯವರು, ದಪ್ಪ ಮೀಸೆ. ಪಕ್ಕದಲ್ಲಿ ಅವರ ಹೆಂಡತಿ. ಹೊರಡುವಾಗೆಲ್ಲ ಗಾಡಿ ನಡುಗುತ್ತದೆ, ಮೂರು ಕಡೆ ತೋರಿಸಿದರೂ ಯಾರಿಗೂ ಗೊತ್ತಾಗಿಲ್ಲ ಎಂದರು. "ಅಜ್ಜಿ ಒಂದ್ಸಲ ಕೈಯಿಟ್ಟು ನೋಡ್ಲಿ ಮಿಸ್" ಎಂದ ಬಾಷಾ.

ಅತ್ತೆ ಕೈ ತೊಳೆದು, ಸೆರಗು ಸಿಕ್ಕಿಸಿ, ಹಿಂದಿನ ಸೀಟಿನಲ್ಲಿ ಕೂತು, ನೆಲದ ಮೇಲೆ ಬಗ್ಗಿ ಅಂಗೈಯಿಟ್ಟರು. ಮೀಸೆಯವರು ಕ್ಲಚ್ಚು ತುಳಿದು ಬಿಟ್ಟು, ಗಾಡಿಯನ್ನು ನಮ್ಮ ರಸ್ತೆಯಲ್ಲಿ ನಾಲ್ಕು ಸಲ ನಿಲ್ಲಿಸಿ ನಾಲ್ಕು ಸಲ ಹೊರಡಿಸಿದರು. ಅತ್ತೆ ಇಳಿದು ಸೀರೆ ಕೊಡವಿಕೊಂಡು ತೀರ್ಪು ಕೊಟ್ಟರು:

"ಗಾಡಿಗೇನೂ ಆಗಿಲ್ಲ. ಇವಪ್ಪಂಗೆ ಆತುರ. ಕಾಲು ನಿಧಾನಕ್ಕೆ ಎತ್ತಾಕೆ ಹೇಳು."

ಮೀಸೆಯವರು ಮೀಸೆ ಸವರಿಕೊಂಡರು. ಅವರ ಹೆಂಡತಿ ಮಾತ್ರ ಬಾಗಿಲು ತೆಗೆದು ಇಳಿದು ಬಂದು ಅತ್ತೆಯ ಕೈ ಹಿಡಿದುಕೊಂಡು ನಗತೊಡಗಿದರು. "ಇಪ್ಪತ್ತು ವರ್ಷದಿಂದ ನಾನೂ ಅದನ್ನೇ ಬಡ್ಕೋತಿದೀನಿ ಅಜ್ಜಿ, ಆತುರ ಆತುರ ಅಂತ!"

"ಏನಂತೆ?" ಎಂದು ಅತ್ತೆ ನನ್ನತ್ತ ತಿರುಗಿದರು. ನಾನು ಕಿವಿಗೆ ಬಾಯಿಟ್ಟು ಅಕ್ಷರ ಬಿಡದೆ ಕೂಗಿದೆ. ಅತ್ತೆ ಆ ಹೆಂಗಸಿನ ಮುಖವನ್ನೊಮ್ಮೆ, ಮೀಸೆಯವರ ಮುಖವನ್ನೊಮ್ಮೆ ನೋಡಿದರು.

"ಒಳಗೆ ಕರ್ಕಂಡ್ ಬಾ, ಕಾಫಿ ಕೊಡು," ಎಂದರು. "ಪಾಪ, ಇಪ್ಪತ್ತು ವರ್ಸ ಅಂದ್ರೆ ಸುಮ್ನೇನಾ?"